ಮೂರು ಮಡಕೆಗಳ ಚಿತ್ರ

ಹತ್ತೊಂಬತ್ತು ವರ್ಷಗಳ ಹಿಂದೆ ರಾಷ್ಟ್ರೀಯ ಚಿತ್ರಶಾಲೆಗೆ ಬೆಂಕಿ ಬಿದ್ದಾಗ, ಏಳನೇ ಕೋಣೆಯ ಕಾವಲಿನ ಹೆಂಗಸು ಒಂದೇ ಒಂದು ಚಿತ್ರವನ್ನು ಎದೆಗವಚಿಕೊಂಡು ಹೊರಗೆ ಓಡಿ ಬಂದಿದ್ದಳು. ತಂದದ್ದಾದರೂ ಏನು? ಮೂರು ಮಡಕೆಗಳ ಪುಟ್ಟ ಚಿತ್ರ! ಪಕ್ಕದಲ್ಲೇ, ಅಷ್ಟೇ ಅಳತೆಯ ಇನ್ನೊಂದಿತ್ತು, ಕುದುರೆ ಏರಿದ ರಾಣಿ. ಅದನ್ನು ನೋಡಲೆಂದೇ ದೂರದ ದೇಶಗಳಿಂದ ಜನ ಬರುತ್ತಿದ್ದರು. ಆ ರಾಣಿ ಸುಟ್ಟು ಬೂದಿಯಾದಳು. ಅಂದಿನಿಂದ ಈಕೆಯ ಹೆಸರು ಮಡಕೆ ಅಕ್ಕ. ಯಾರಾದರೂ ಕೆಣಕಿದರೆ, "ಹೊಗೇಲಿ ಕಣ್ಣೇ ಕಾಣ್ತಿರಲಿಲ್ಲಪ್ಪ, ಕೈಗೆ ಸಿಕ್ಕಿದ್ದು ತಂದೆ" ಅನ್ನುತ್ತಿದ್ದಳು.

ಶುದ್ಧ ಸುಳ್ಳು. ಅವಳಿಗೆ ರಾಣಿಯೂ ಚೆನ್ನಾಗಿಯೇ ಕಂಡಿದ್ದಳು. ಆ ಸುಳ್ಳು ಅಷ್ಟು ವರ್ಷವೂ ಹೊಟ್ಟೆಯೊಳಗೆ ಕೂತು ಕೊರೆಯುತ್ತಿತ್ತು.

ನಿವೃತ್ತಿಗೆ ಎರಡು ದಿನವಿದೆ ಎನ್ನುವಾಗ ದುರಸ್ತಿ ಕೋಣೆಯಿಂದ ಕರೆ ಬಂತು. ಮಡಕೆ ಚಿತ್ರದ ವಿಷಯವಂತೆ, ನಿರ್ದೇಶಕರೂ ಬಂದಿದ್ದಾರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ; ಯಾರೂ ಏನೂ ಕೇಳುವ ಮೊದಲೇ ಬಾಗಿಲಲ್ಲೇ ನಿಂತು ಒದರಿಬಿಟ್ಟಳು.

"ಸಾರ್, ಕೈಗೆ ಸಿಕ್ಕಿದ್ದಲ್ಲ, ಆರಿಸಿ ತಂದೆ. ಬೆಂಕಿಗೆ ಮುಂಚೆ ಎಂಟು ವರ್ಷ ಆ ಕೋಣೆ ಕಾದೆ, ಆ ರಾಣಿ ಒಂದ್ಸಲಾನೂ ನನ್ನ ಕಡೆ ನೋಡಲಿಲ್ಲ. ಮಡಕೆಗಳು ಹಾಗಲ್ಲ. ಬೆಳಿಗ್ಗೆ ದೀಪ ಹಾಕಿದ್ರೆ 'ಬಂದ್ಯಾ, ಊಟ ಆಯ್ತಾ' ಅನ್ನೋ ಹಾಗಿರ್ತಿದ್ವು. ಇಷ್ಟವಾಗಿತ್ತು, ತಂದೆ. ದೇಶದ ಸೊತ್ತು ಸುಡೋಕೆ ಬಿಟ್ಟೆ. ಏನು ಶಿಕ್ಷೆ ಕೊಡ್ತೀರೋ ಕೊಡಿ!"

ದುರಸ್ತಿಯ ಹುಡುಗಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಕ್ಕ, ಮೊದಲು ಉಸಿರು ಬಿಡಿ. ಇಲ್ಲಿ ನೋಡಿ."

ಮೇಜಿನ ಮೇಲೆ ಚಿತ್ರ ಬೋರಲಾಗಿ ಮಲಗಿತ್ತು. ಧೂಳು ನುಗ್ಗದಿರಲೆಂದು ಚೌಕಟ್ಟಿನ ಬೆನ್ನಿಗೆ ಕಾಗದ ಅಂಟಿಸುವುದು ವಾಡಿಕೆ. ಹಿಂದಿನ ಕಾಲದ ಬಡಗಿಯೋ ಮಹಾ ಜಿಪುಣ! ಹೊಸ ಕಾಗದ ಯಾಕೆ ದಂಡ ಎಂದು ಕಚೇರಿಯ ರದ್ದಿಯನ್ನೇ ಮೆತ್ತಿದ್ದ. ಈಗ ಹಬೆ ಹಿಡಿದು ಬಿಡಿಸಿದರೆ, ಅದು ಚಿತ್ರಶಾಲೆ ಶುರುವಾದ ವರ್ಷದ ಪಟ್ಟಿಯ ಕರಡು. ಮೊದಲ ನಲವತ್ತು ಚಿತ್ರಗಳನ್ನು ಯಾರು ಯಾರು ಕೊಟ್ಟರು ಎಂಬುದೆಲ್ಲ ಅದರಲ್ಲಿತ್ತು. ಅಸಲು ಪುಸ್ತಕ ಅದೇ ಬೆಂಕಿಗೆ ಹೋಗಿತ್ತು. ಆಮೇಲೆ ಉಳಿದ ಹಳೆಯ ಚಿತ್ರಗಳ ಪಕ್ಕದ ಚೀಟಿಗಳಲ್ಲೆಲ್ಲ ಒಂದೇ ಮಾತು: 'ಕೊಟ್ಟವರು ತಿಳಿಯದು'.

ನಿರ್ದೇಶಕರು ಗಟ್ಟಿಯಾಗಿ ಓದಿದರು. ದೊಡ್ಡ ದೊಡ್ಡ ಶ್ರೀಮಂತರು ಕೊಟ್ಟಿರಬೇಕೆಂದು ಎಲ್ಲರೂ ನಂಬಿದ್ದರಲ್ಲ, ಪಟ್ಟಿಯಲ್ಲಿದ್ದವರು ಗಡಿಯಾರ ರಿಪೇರಿಯವನು, ಹಡಗಿನ ಅಡುಗೆಯವನು, ಒಬ್ಬ ಸೂಲಗಿತ್ತಿ. ಹೆಸರನ್ನೂ ಬರೆಸದೆ ಕೊಟ್ಟು ಹೋಗಿದ್ದರು. ಮಡಕೆ ಚಿತ್ರದ ಎದುರಿಗೆ ಹೀಗಿತ್ತು: 'ಕುಂಬಾರನ ಮಗಳು. ಅಪ್ಪನ ನೆನಪಿಗೆ.'

"ಎಂಥಾ ಪುಣ್ಯಾತ್ಗಿತ್ತಿ ನಮ್ಮವ್ವ!" ಎಂದು ಮಡಕೆ ಅಕ್ಕ ಆ ಕಾಗದಕ್ಕೆ ಕೈ ಮುಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ರಾಣೀನ ತಂದಿದ್ರೆ ಅವಳೊಬ್ಬಳು ಉಳೀತಿದ್ಲು," ಎಂದರು ನಿರ್ದೇಶಕರು. "ಇವರನ್ನೆಲ್ಲ ಉಳಿಸಿದ್ದು ನೀವಮ್ಮ. ಈ ಚಿತ್ರಶಾಲೆ ನಿಮ್ಮ ಋಣದಲ್ಲಿದೆ. ಹೊಸ ಚೀಟೀಲಿ 'ಬೆಂಕಿಯಿಂದ ಉಳಿಸಿದವರು' ಅಂತ ನಿಮ್ಮ ಹೆಸರು ಹಾಕ್ತೀವಿ. ಪೂರ್ತಿ ಹೆಸರು ಹೇಳಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು.

"ಮಡಕೆ ಅಕ್ಕ ಅಂತಲೇ ಹಾಕಿ ಸಾರ್. ಕುಂಬಾರನ ಮಗಳ ಪಕ್ಕಕ್ಕೆ ಅದೇ ಸರಿಹೋಗುತ್ತೆ."