ಸಬ್ಬತ್ತಿನಂದು ಹುಟ್ಟಿದ ಕೂಸು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪಾದ್ರಿ ಶುಬೇಲ್ ವಾಡ್ಲೋ ವಾರದ ಕೂಸೊಂದಕ್ಕೆ ದೀಕ್ಷಾಸ್ನಾನ ಕೊಡಲು ನಿರಾಕರಿಸಿದರು. ಅದು 1694ರ ಜನವರಿ. ಮ್ಯಾಸಚೂಸೆಟ್ಸ್ ಕರಾವಳಿಯ ಆ ಊರಿನ ಸಭಾಮಂದಿರದಲ್ಲಿ ಒಲೆ ಇರಲಿಲ್ಲ. ಬೋಗುಣಿಯ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು.

ಕೂಸನ್ನು ಎತ್ತಿಕೊಂಡು ನಿಂತವನು ಪೀಪಾಯಿ ಮಾಡುವ ಎಲಿಫಲೆಟ್ ಕಾಬ್. ಕೂಸು ಹಿಂದಿನ ಭಾನುವಾರ ಹುಟ್ಟಿತ್ತು. ಕೂಸು ವಾರದ ಯಾವ ದಿನ ಹುಟ್ಟುತ್ತದೋ ಅದೇ ದಿನ ಬಸಿರು ನಿಂತಿರುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಹಾಗಾಗಿ ಸಬ್ಬತ್ತಿನಂದು, ಅಂದರೆ ದೇವರಿಗೆ ಮೀಸಲಾದ ಭಾನುವಾರದಂದು, ಹುಟ್ಟಿದ ಮಗುವಿನ ತಂದೆತಾಯಿ ಆ ದಿನ ಕೂಡಿ ದೇವರ ದಿನವನ್ನು ಕೆಡಿಸಿದವರು. ಅಂಥವರು ತಪ್ಪೊಪ್ಪಿಕೊಳ್ಳುವವರೆಗೆ ಕೂಸಿಗೆ ದೀಕ್ಷಾಸ್ನಾನ ಇಲ್ಲ ಎಂಬ ನಿಯಮವನ್ನು ಊರಲ್ಲಿ ಬಿಗಿ ಮಾಡಿದವರು ವಾಡ್ಲೋ ಅವರೇ.

“ಮೊದಲು ನೀನೂ ನಿನ್ನ ಹೆಂಡ್ತೀನೂ ಸಭೆ ಮುಂದೆ ನಿಂತು ತಪ್ಪೊಪ್ಕೊಳ್ಳಿ.”

“ಮಾಡದ ತಪ್ಪನ್ನ ಹೆಂಗೆ ಒಪ್ಕೊಳ್ಲಿ ಪಾದ್ರಿಗಳೇ? ಕೂಸಿಗೆ ಕೆಮ್ಮು ಬೇರೆ. ಮುಂದಿನ ಭಾನುವಾರದವರೆಗೆ ಉಳಿಯತ್ತೋ ಇಲ್ವೋ.”

“ಭಾನುವಾರ ಪೀಪಾಯಿ ಕೆಲಸ ಇಲ್ಲ, ಪಾಪ, ಇನ್ನೇನು ಮಾಡ್ತಾನೆ,” ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಕೆಲವರು ಕೈವಸ್ತ್ರ ಬಾಯಿಗೊತ್ತಿಕೊಂಡು ನಕ್ಕರು. ಕಾಬ್ ಕೂಸನ್ನು ಕೋಟಿನೊಳಗೆ ಮುಚ್ಚಿಕೊಂಡು ಹೊರಟುಹೋದ.

ಎರಡು ಆರಾಧನೆಗಳ ನಡುವೆ ಪಾದ್ರಿ ಊಟಕ್ಕೆ ಮನೆಗೆ ಬಂದರು. ಹೆಂಡತಿ ಮೆಹೆಟಬೆಲ್ ಒಲೆಯ ಮುಂದೆ ಕೂತು ಮಗ ಓಬೇದನಿಗೆ ಹಾಲೂಡಿಸುತ್ತಿದ್ದಳು. ಊಟ ಬಡಿಸಲು ಏಳಲಿಲ್ಲ.

“ಇವ್ನು ಯಾವತ್ತು ಹುಟ್ಟಿದ್ದು ಅಂದ್ರಿ?”

“ಶನಿವಾರ. ಗೊತ್ತಿದ್ದೂ ಕೇಳ್ತೀಯಲ್ಲ.”

“ಹೊತ್ತು ಮುಳುಗಿದ ಮೇಲೆ. ಹೊತ್ತು ಮುಳುಗಿದ್ರೆ ಸಬ್ಬತ್ತು ಶುರು ಅಂತ ಊರಿಗೆಲ್ಲ ಹೇಳೋರು ನೀವೇ ತಾನೆ?”

“ಇನ್ನೂ ಬೆಳಕಿತ್ತು.”

“ದೀಪ ಹಚ್ಚಿದ್ದು ನೀವೇ ಕಣ್ರೀ. ಸೂಲಗಿತ್ತಿ ಬಾಯಿ ಮುಚ್ಚಿಸಿದ್ದೂ ನೀವೇ.”

“ಮೆಲ್ಲಗೆ ಮಾತಾಡು. ಯಾರಾದ್ರೂ ಕೇಳಿಸ್ಕೊಂಡಾರು.”

“ಯಾರಿಗೆ ಗೊತ್ತಿಲ್ಲ? ನಿಮ್ಮ ಮುಖ ನೋಡ್ಕೊಂಡು ಸುಮ್ಮನಿದಾರೆ ಅಷ್ಟೇ. ಆ ಬಾಣಂತಿಗೊಂದು ನ್ಯಾಯ, ನನಗೊಂದಾ?”

ಊರಿಗೆ ಗೊತ್ತು ಎಂಬುದು ಪಾದ್ರಿಗೆ ಗೊತ್ತಿರಲಿಲ್ಲ. ಅವರು ಊಟ ಮಾಡದೆ ಎದ್ದರು. ಚರ್ಚು ಕಟ್ಟಿದಂದಿನಿಂದ ತಪ್ಪಿತಸ್ಥರನ್ನು ಸಭೆಯ ನಡುವೆ ನಿಲ್ಲಿಸಿ, ಅವರ ತಪ್ಪೊಪ್ಪಿಗೆಯನ್ನು ಪೀಠದ ಮೇಲಿಂದ ತಾವೇ ಓದಿದ್ದರು. ಓದುವಾಗ ಒಬ್ಬರ ಮುಖವನ್ನೂ ನೋಡಿರಲಿಲ್ಲ.

ಮಧ್ಯಾಹ್ನ ಅವರು ಪೀಠ ಹತ್ತಲಿಲ್ಲ. ತಪ್ಪಿತಸ್ಥರು ನಿಲ್ಲುವ ಜಾಗದಲ್ಲಿ ನಿಂತು, ಓಬೇದ ಹುಟ್ಟಿದ್ದು ಸಬ್ಬತ್ತಿನಲ್ಲಿ, ಅದನ್ನು ಮುಚ್ಚಿಟ್ಟವನು ನಾನು ಎಂದರು. ಸಭೆಯ ಹಿರಿಯ ಜೇಬೆಜ್ ಪ್ರೌಟ್, ಕ್ಷಮಿಸುವವರು ಕೈ ಎತ್ತಿ ಎಂದ.

ಗಂಡಸರ ಕೈಗಳು ಒಮ್ಮೆಗೇ ಮೇಲೆದ್ದವು. ಹೋದ ವರ್ಷ ಮನೆಗೆಲಸದ ಡಾರ್ಕಸ್ ಮದುವೆಯಿಲ್ಲದೆ ಬಸಿರಾಗಿ ಇದೇ ಜಾಗದಲ್ಲಿ ನಿಂತಾಗ ಇದೇ ಕೈಗಳು ಮೂರು ಭಾನುವಾರ ಮಡಿಲಲ್ಲೇ ಇದ್ದವು. ಪಾದ್ರಿ ತಲೆ ಎತ್ತಲಾರದೆ ನೆಲ ನೋಡಿದರು.

ಕೈ ಎತ್ತದವನು, ಕೂಸನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ಕಾಬ್ ಒಬ್ಬನೇ.

“ಕೂಸನ್ನ ಕರ್ಕೊಂಡು ಬಾ ಎಲಿಫಲೆಟ್,” ಎಂದರು ಪಾದ್ರಿ. “ಈಗ್ಲೇ ಕೊಡ್ತೀನಿ.”

“ಬೇಡ ಪಾದ್ರಿಗಳೇ. ನಿಮ್ಮ ಕೈಯಿಂದ ಬೇಡ.”

ಗುರುವಾರ ಕಾಬ್ ಕೂಸನ್ನು ಎದೆಗೆ ಕಟ್ಟಿಕೊಂಡು ಹಿಮದಲ್ಲಿ ಪಕ್ಕದ ಊರಿಗೆ ನಡೆದ. ಅಲ್ಲಿಯ ಪಾದ್ರಿ ಅದಕ್ಕೆ ದೀಕ್ಷಾಸ್ನಾನ ಕೊಟ್ಟು ಸೈಲಸ್ ಎಂದು ಹೆಸರಿಟ್ಟರು.