ಸರ್ಕಾರದ ಕಡೆಯವರು

ಒಂಬತ್ತು ವರ್ಷ ಬಳ್ಳಾರಿಯ ಕಲೆಕ್ಟರ್ ಕಚೇರಿಯಲ್ಲಿ ಸಂಬಳದ ವಕೀಲನಾಗಿದ್ದ ಪ್ರಾಣೇಶರಾಯ ಕೆಲಸ ಬಿಟ್ಟನೆಂದು ಓಣಿಗೆ ಓಣಿಯೇ ಬೆರಗಾಯಿತು. ಬಾಗಿಲಲ್ಲಿ ಜವಾನ, ಮುಂದೆ ಪಿಂಚಣಿ. ಅದನ್ನೆಲ್ಲ ಬಿಟ್ಟು ಚಿದಾನಂದಪ್ಪ ವಕೀಲರ ಜಮಖಾನೆಯ ಮೇಲೆ ಎರಡನೆಯವನಾಗಿ ಕೂರುವುದೆಂದರೇನು! ಕುರುಗೋಡಿನಲ್ಲಿದ್ದ ಅಣ್ಣ ರಾಘಣ್ಣನಂತೂ 'ನಿನಗೆ ತಲೆ ಕೆಟ್ಟಿದೆ' ಎಂದು ಒಂದು ಕಾಗದ ಬರೆದವನು ಆಮೇಲೆ ಕಾಗದ ಬರೆಯುವುದನ್ನೇ ಬಿಟ್ಟ.

ಅವನ ಕಾರಣವೋ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಸರ್ಕಾರದ ವಕೀಲನ ಹತ್ತಿರ ಯಾರು ಬರುತ್ತಾರೆ ಹೇಳಿ? ಕಡತ ಬರುತ್ತದೆ, ಅಷ್ಟೇ. ಹೆಂಡತಿ ಪದ್ಮಾಬಾಯಿ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಲ್ಲ. ಚಿದಾನಂದಪ್ಪನವರ ಕಟ್ಟೆಯ ಮೇಲೆ ಹಳ್ಳಿಯ ಜನ ಕೂತು, ಎಲೆ ಅಡಿಕೆ ಮುಂದಿಟ್ಟು, 'ಇವರು ನಮ್ಮ ವಕೀಲರು' ಅನ್ನುವುದನ್ನು ಹೋಗುತ್ತ ಬರುತ್ತ ಕೇಳಿದ್ದ. ತನ್ನನ್ನೂ ಒಬ್ಬರಾದರೂ ಹಾಗೆ ಅನ್ನಲಿ ಎಂಬ ಆಸೆ. ಮೂವತ್ತೆಂಟರ ಗಂಡಸಿಗೆ ಇಂಥ ಆಸೆಯೇ ಎಂದು ನಗುವವರು ನಗಲಿ ಬಿಡಿ.

ನಾಲ್ಕು ತಿಂಗಳು ಕಳೆದರೂ ಎಲೆ ಅಡಿಕೆಯೆಲ್ಲ ಚಿದಾನಂದಪ್ಪನವರ ಮುಂದೆಯೇ ಬೀಳುತ್ತಿತ್ತು. ಹಳೆಯ ಕಚೇರಿಯವರು ಎದುರಿಗೆ ಸಿಕ್ಕರೆ ಕೊಡೆ ಮರೆ ಮಾಡಿಕೊಂಡು ಹೋಗುತ್ತಿದ್ದರು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಬೆಳಿಗ್ಗೆ ಒಬ್ಬನೇ ಅನ್ನ ಬೇಯಿಸಿಕೊಂಡು ಒಬ್ಬನೇ ಉಂಡು ಬರುತ್ತಿದ್ದ.

ಆಗ ಬಂದಳು ರಾರಾವಿಯ ವಿರೂಪಮ್ಮ. ಗಂಡ ಸತ್ತವಳು, ಗಟ್ಟಿ ಹೆಂಗಸು. ಅವಳ ಹೊಳೆದಂಡೆಯ ಹೊಲ ಹೊಳೆಯ ಪಾತ್ರಕ್ಕೆ ಸೇರಿದ್ದು, ಅದನ್ನು ಬಿಡಬೇಕು ಎಂದು ಸರ್ಕಾರ ಹೇಳಿತ್ತು. ಚಿದಾನಂದಪ್ಪನವರ ಸುತ್ತ ಜನ ಮುತ್ತಿದ್ದರು. ಅವಳು ಕಾದು ಕಾದು, ಎಲೆ ಅಡಿಕೆಯನ್ನು ಪ್ರಾಣೇಶರಾಯನ ಮುಂದೆ ಇಟ್ಟೇಬಿಟ್ಟಳು.

"ನೀವ ನೋಡ್ರಿ ರಾಯರ. ನಿಮ್ಮ ಮಾರಿ ನೋಡಿದ್ರ ನಂಬಿಕಿ ಬರ್ತೈತಿ."

ಅವನು ಹಿಗ್ಗಿನಿಂದ ಕಾಗದ ಬಿಚ್ಚಿದ. ಸರ್ಕಾರದ ಹೇಳಿಕೆಯಲ್ಲಿ ಸಹಿ ತಹಶೀಲ್ದಾರರದು, ಮಾತು ಮಾತ್ರ ಅಕ್ಷರ ಅಕ್ಷರವೂ ತನ್ನದೇ. ಎರಡು ವರ್ಷದ ಹಿಂದೆ ತಾನೇ ಬರೆದುಕೊಟ್ಟಿದ್ದು! ಹೇಳಿದರೆ ವಕಾಲತ್ತು ಬಿಡಬೇಕು, ಇವಳೂ ಎದ್ದು ಹೋಗುತ್ತಾಳೆ. ಅವನು ಎಲೆ ಅಡಿಕೆ ತೆಗೆದುಕೊಂಡ, ಬಾಯಿ ಬಿಡಲಿಲ್ಲ.

ಡೆಪ್ಯುಟಿ ಕಲೆಕ್ಟರರು ಸಿರುಗುಪ್ಪದಲ್ಲಿ ಡೇರೆ ಹಾಕಿ ಮೊಕ್ಕಾಂ ಮಾಡಿದಾಗ ವಿಚಾರಣೆ ಬಂತು. ಬೇರೆ ಕೇಸಿಗೆ ಚಿದಾನಂದಪ್ಪನವರೂ ಬಂದಿದ್ದರು. ಜವಾನ ಕೂಗಿದ: "ರಾರಾವಿ ವಿರೂಪಮ್ಮನ ಕೇಸು! ಸರ್ಕಾರದ ಕಡೆಯವರು!"

ಪ್ರಾಣೇಶರಾಯ ಥಟ್ಟನೆ ಎದ್ದ. ಎದ್ದವನು ನೆಟ್ಟಗೆ ಹೋಗಿ ಮೇಜಿನ ಬಲಗಡೆ, ಸರ್ಕಾರದ ವಕೀಲರು ನಿಲ್ಲುವ ಜಾಗದಲ್ಲಿ ನಿಂತುಕೊಂಡ. ಒಂಬತ್ತು ವರ್ಷದ ಅಭ್ಯಾಸ, ಕಾಲು ಬುದ್ಧಿಯನ್ನು ಕೇಳಲಿಲ್ಲ.

"ರಾಯರ, ಆ ಜಾಗ ಈಗ ನಂದೈತ್ರಿ," ಎಂದ ಹೊಸ ಸರ್ಕಾರಿ ವಕೀಲ. ಡೇರೆಯೆಲ್ಲ ಗೊಳ್ಳೆಂದು ನಕ್ಕಿತು. ಸಾಹೇಬರೂ ನಕ್ಕು, ಕೇಸನ್ನು ಊಟದ ನಂತರಕ್ಕೆ ಹಾಕಿದರು. ವಿರೂಪಮ್ಮ ಒಬ್ಬಳೇ ನಗಲಿಲ್ಲ.

ಬೇವಿನ ಮರದ ಕೆಳಗೆ ಅವಳು ಅವನನ್ನು ನಿಲ್ಲಿಸಿದಳು. "ರಾಯರ, ಖರೇ ಹೇಳ್ರಿ. ನೀವು ಯಾರ ಕಡಿ ಅದೀರಿ?"

ಇನ್ನು ಮುಚ್ಚಿಡಲು ಅವನಿಂದ ಆಗಲಿಲ್ಲ. "ನಿನ್ನ ಹೊಲ ಹೊಳಿದು ಅಂತ ಬರದಾವ ನಾನ ವಿರೂಪಮ್ಮ. ಬಳ್ಳಾರಿಯಾಗ ಕುಂತು ಬರದೆ. ಹೊಲಾ ನೋಡಿರಲಿಲ್ಲ."

"ಅಲ್ರಿ, ಅಲ್ಲಿ ನಮ್ಮ ಮಾವ ತೋಡಿಸಿದ ಬಾವಿ ಐತಿ. ಹೊಳಿಯಾಗ ಯಾರರ ಬಾವಿ ತೋಡ್ತಾರೇನ್ರಿ?"

ಅವನು ಅವಳನ್ನು ಚಿದಾನಂದಪ್ಪನವರ ಹತ್ತಿರ ಕರೆದುಕೊಂಡು ಹೋಗಿ, ಎಲ್ಲ ಹೇಳಿ, ವಕಾಲತ್ತು ಬಿಟ್ಟುಕೊಟ್ಟ. "ಮೊದಲ ಹೇಳಾಕ ಏನ್ ಧಾಡಿ ಆಗಿತ್ತೋ ನಿನಗ!" ಎಂದು ಅವರು ಚೆನ್ನಾಗಿ ಬೈದರು. ಆಮೇಲೆ ಡೇರೆಗೆ ಹೋಗಿ ಆ ಬಾವಿಯೊಂದನ್ನೇ ಹಿಡಿದು ವಾದ ಮಾಡಿದರು. ಮರುದಿನ ಸಾಹೇಬರು ಕುದುರೆ ಏರಿ ರಾರಾವಿಗೆ ಹೋಗಿ ಬಾವಿ ನೋಡಿ ಬಂದರು. ಹೊಲ ವಿರೂಪಮ್ಮನಿಗೇ ಉಳಿಯಿತು.

ಪ್ರಾಣೇಶರಾಯ ಡೇರೆಯ ಹೊರಗೆ ಒಬ್ಬನೇ ಕೂತಿದ್ದ. ಹೊಲ ಉಳಿಯಿತಲ್ಲ ಎಂದು ನಿಜವಾಗಿಯೂ ಸಂತೋಷವಾಗಿತ್ತು. ವಿರೂಪಮ್ಮ ಬೆಲ್ಲ ಹಂಚುತ್ತ ಬಂದಳು. ಚಿದಾನಂದಪ್ಪನವರಿಗೆ ಕೊಟ್ಟು, "ಇವರು ನಮ್ಮ ವಕೀಲರು" ಎಂದು ಸುತ್ತಲಿನವರಿಗೆ ಹೇಳಿದಳು. ಇವನನ್ನು ನೋಡಿ ಒಂದು ಕ್ಷಣ ನಿಂತಳು. ಸಿಟ್ಟಿರಲಿಲ್ಲ, ಮುಖದಲ್ಲಿ ಮರುಕವೇ ಇತ್ತು. ದೊಡ್ಡದೊಂದು ಉಂಡೆಯನ್ನೇ ಆರಿಸಿ ಅವನ ಕೈಗಿಟ್ಟಳು.

"ತಗೋರಿ ರಾಯರ. ಸರ್ಕಾರದ ಕಡಿಯವರಾದ್ರೂ ನೀವು ಒಳ್ಳೇರು."