ಹೂರಣಕ್ಕೆ ಸುರಿದ ಜಾಯಿಕಾಯಿ

ನಾದಿನಿ ವಿದ್ಯಾಶ್ರೀಯ ಸೀಮಂತಕ್ಕೆ ಬೀಗರು ತರೀಕೆರೆಯಲ್ಲಿ ಬಸ್ಸು ಹತ್ತಿದರೆಂದು ಫೋನ್ ಬಂದಾಗ, ಅಜ್ಜಂಪುರದ ಮನೆಯಲ್ಲಿ ಸಂಗೀತಾ ಹೋಳಿಗೆಯ ಹೂರಣಕ್ಕೆ ಜಾಯಿಕಾಯಿ ಪುಡಿ ಉದುರಿಸುತ್ತಿದ್ದಳು. ಡಬ್ಬಿಯ ಮುಚ್ಚಳ ಕಳಚಿ ಪುಡಿಯೆಲ್ಲ ಪಾತ್ರೆಗೆ ಸುರಿದುಹೋಯಿತು. ಬಿಸಿ ಹೂರಣದಲ್ಲಿ ಪುಡಿ ಆಗಲೇ ಬೆರೆಯತೊಡಗಿತ್ತು.

"ಮೇಲಿಂದ ತೆಗ್ದು, ಇನ್ನಷ್ಟು ಬೆಲ್ಲ ಹಾಕಿ ಕಲಸಮ್ಮ. ಯಾರಿಗ್ಗೊತ್ತಾಗುತ್ತೆ?" ಅಂದರು ಅತ್ತೆ ಮಲ್ಲಿಕಾಂಬ.

"ಇಷ್ಟೊಂದು ಜಾಯಿಕಾಯಿ ಒಳ್ಳೇದಲ್ಲ ಅತ್ತೆ. ವಿದ್ಯಾ ಬಸುರಿ ಅಲ್ವಾ?"

"ಹೋಳಿಗೆ ಇಲ್ದೆ ಬೀಗರಿಗೆ ಎಲೆ ಹಾಕ್ತೀಯಾ? ನನ್ನ ಮಾನ ತೆಗೀಬೇಡ."

ಆದರೂ ಸಂಗೀತಾ ಪಾತ್ರೆ ಎತ್ತಿಕೊಂಡು ಹೋಗಿ ಹೂರಣವನ್ನೆಲ್ಲ ಹಿತ್ತಿಲ ಗುಂಡಿಗೆ ಸುರಿದಳು. ಅತ್ತೆ ಮಾತು ಬಿಟ್ಟರು.

ಬೀಗರು ಬಂದು ಊಟಕ್ಕೆ ಕೂತರು. "ಹೋಳಿಗೆ ಎಲ್ಲಮ್ಮ?" ಎಂದು ವಿದ್ಯಾಶ್ರೀಯ ಅತ್ತೆ ಶಂಕರಮ್ಮ ಕೇಳಿಯೇ ಬಿಟ್ಟರು. ಸಂಗೀತಾ ನಡೆದದ್ದನ್ನೆಲ್ಲ ಹೇಳಿದಳು.

ಶಂಕರಮ್ಮ ತಮ್ಮ ಬಸುರಿ ಸೊಸೆಯನ್ನೊಮ್ಮೆ ನೋಡಿದರು. "ಚೆಲ್ಲಿದ್ದೇ ಒಳ್ಳೇದಾಯ್ತು ಕಣಮ್ಮ. ಬಾಳೆಹಣ್ಣು, ಬೆಲ್ಲ ಇದ್ರೆ ಬಡಿಸು."

ಮಲ್ಲಿಕಾಂಬ ಎದ್ದು ಬಂದು ಸಂಗೀತಾಳ ಕೈಯಿಂದ ತುಪ್ಪದ ಗಿಂಡಿ ತೆಗೆದುಕೊಂಡರು. "ಬೆಳಗಿಂದ ನಿಂತೇ ಇದೀಯ. ನೀನೂ ಕೂತ್ಕೋ, ನಾನು ಬಡಿಸ್ತೀನಿ."